ಅಲ್ಲಮನು ಬಿಟ್ಟದ್ದೇನು?

ಕನ್ನಡದಲ್ಲಿ ಗ್ರಂಥಗಳಿಗೆ ಇಟ್ಟಿರುವ ಹೆಸರುಗಳಲ್ಲಿ ‘ಶೂನ್ಯಸಂಪಾದನೆ’ಯಷ್ಟು ತನ್ನೊಡನೆ ತಾನೇ ಜಗಳವಾಡುವ ಹೆಸರು ಇನ್ನೊಂದನ್ನು ನಾನು ಕಾಣೆ. ಸಂಪಾದನೆ ಎಂಬುದು ಸಂಸಾರಿಗಳ ಮಾತು. ಹೆಣ್ಣು ಕೊಡುವವರು ವರನ ಗುಣಶೀಲಗಳನ್ನು ಕೇಳುವ ಮೊದಲು ಅವನ ಸಂಪಾದನೆ ಎಷ್ಟೆಂದು ವಿಚಾರಿಸುತ್ತಾರೆ. ಮನೆ ಕಟ್ಟುವವನು, ಮಕ್ಕಳನ್ನು ಓದಿಸುವವನು, ಸಾಲ ತೀರಿಸುವವನು ಎಲ್ಲರೂ ನೆಚ್ಚಿರುವುದು ಅದನ್ನೇ. ಶೂನ್ಯವೆಂದರೋ ಏನೂ ಇಲ್ಲದ್ದು. ಏನೂ ಇಲ್ಲದ್ದನ್ನು ದುಡಿದು ಗಳಿಸುವುದು ಹೇಗೆ? ಗಳಿಸಿದ ಮೇಲೆ ಅದನ್ನು ಇಡುವುದೆಲ್ಲಿ? 15ನೆಯ ಶತಮಾನದಲ್ಲಿ ಅಲ್ಲಮಪ್ರಭುವಿನ ಮತ್ತು ಅವನ ಕಾಲದ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಜೋಡಿಸಿ ಈ ಹೆಸರಿಟ್ಟವರು ವಿನೋದಕ್ಕಾಗಿ ಇಟ್ಟವರಲ್ಲ. ಓದುಗನು ಹೊಸ್ತಿಲಲ್ಲಿಯೇ ಒಮ್ಮೆ ಎಡವಲಿ, ಎಡವಿ ನಿಂತು ನೋಡಲಿ ಎಂಬುದು ಅವರ ಮನಸ್ಸಿನಲ್ಲಿ ಇದ್ದಿರಬೇಕು.

ಈಚೆಗೆ ಈ ಎಡವುವುದು ತಪ್ಪಿಹೋಗಿದೆ. ಶೂನ್ಯ, ಬಯಲು, ‘ಎಲ್ಲವನ್ನೂ ಬಿಟ್ಟುಬಿಡುವುದು’ ಎಂಬ ಮಾತುಗಳು ಬಲು ಹಗುರವಾಗಿ ಓಡಾಡುತ್ತಿವೆ. ಮೂರು ದಿನದ ಶಿಬಿರಕ್ಕೆ ಹೋಗಿ, ಮನಸ್ಸನ್ನು ಬರಿದುಮಾಡಿಕೊಂಡು, ಸೋಮವಾರ ಬೆಳಗ್ಗೆ ಸರಿಯಾದ ಹೊತ್ತಿಗೆ ಕಚೇರಿಗೆ ಬರುವವರನ್ನು ನಾನು ಬಲ್ಲೆ. ಅವರಿಗೆ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತಿದ್ದರೆ ನನ್ನ ತಕರಾರೇನೂ ಇಲ್ಲ. ಆದರೆ ಅಂಥ ಉಪದೇಶಕ್ಕೆ ಅಲ್ಲಮನನ್ನು ಸಾಕ್ಷಿಗೆ ಕರೆದಾಗ ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನು ಸುಮ್ಮನಿರುವುದು ಕಷ್ಟ. ಅಲ್ಲಮನ ಬಯಲು ನಿದ್ರೆಗೆ ಕೊಡುವ ಔಷಧವಲ್ಲ. ಅವನನ್ನು ಕಂಡವರಲ್ಲಿ ಬಹುಮಂದಿಗೆ ಇದ್ದ ನೆಮ್ಮದಿಯೂ ಕೆಟ್ಟಿತೆಂದೇ ನಮ್ಮ ಕಾವ್ಯಗಳು ಹೇಳುತ್ತವೆ.

ನಾನು ವೇದಾಂತಿಯಲ್ಲ, ಅನುಭಾವಿಯಂತೂ ಅಲ್ಲವೇ ಅಲ್ಲ. ಕವಿಗಳು ಏನು ಮಾಡಿದ್ದಾರೆ ಎಂಬುದನ್ನು ಮಾತ್ರ ನೋಡಬಲ್ಲೆ. ಅಲ್ಲಮನು ಬಿಟ್ಟದ್ದೇನು ಎಂಬ ಪ್ರಶ್ನೆಗೆ ಹರಿಹರನ ಉತ್ತರ ಒಂದು, ಚಾಮರಸನ ಉತ್ತರ ಇನ್ನೊಂದು. ಶೂನ್ಯಸಂಪಾದನಕಾರರದು ಇವೆರಡೂ ಅಲ್ಲ. ಈ ಭೇದವನ್ನು ಪಂಡಿತರು ಕಥಾಭೇದವೆಂದು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅದು ಬರಿಯ ಕಥೆಯ ಭೇದವಲ್ಲ, ಶೂನ್ಯವೆಂಬ ಮಾತಿನ ಅರ್ಥದಲ್ಲಿಯೇ ಇರುವ ಭೇದ ಎಂದು ನನ್ನ ಎಣಿಕೆ.

ಮೊದಲು ಊರಿನ ಮಾತು. ಹರಿಹರನು ಅಲ್ಲಮನ ಊರೆಂದು ಹೇಳುವ ಬಳ್ಳಿಗಾವೆ ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಅದು ಬನವಾಸಿ ನಾಡಿನ ದೊಡ್ಡ ಪಟ್ಟಣ. ಗುಡಿಗಳೂ ಮಠಗಳೂ ವಿದ್ಯಾವಂತರೂ ಕಿಕ್ಕಿರಿದಿದ್ದ ಸ್ಥಳ. ಅಲ್ಲಿನ ಕೋಡಿಯ ಮಠ ಕಾಳಾಮುಖ ಶೈವರದು. ಆ ಮಠದಲ್ಲಿ ಯಾವ ಯಾವ ಶಾಸ್ತ್ರಗಳ ವ್ಯಾಖ್ಯಾನ ನಡೆಯುತ್ತಿತ್ತೆಂದು 1162ರ ಶಾಸನವೊಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಲಾಕುಳ, ಪಾತಂಜಲ ಯೋಗಗಳ ಜೊತೆಗೆ ಬೌದ್ಧದರ್ಶನವೂ ಅಲ್ಲಿ ಸೇರಿದೆ. 1065ರಲ್ಲಿ ಅದೇ ಊರಿನಲ್ಲಿ ಒಂದು ಬೌದ್ಧವಿಹಾರ ಎದ್ದಿತ್ತು. ನಾಗಾರ್ಜುನನು ಸಂಸ್ಕೃತದಲ್ಲಿ ಸ್ಥಾಪಿಸಿದ ಶೂನ್ಯವೆಂಬ ಪದ ಅಲ್ಲಮನ ಕಿವಿಗೆ ಬೀಳಲು ಅವನು ಬಹಳ ದೂರ ಹೋಗಬೇಕಾಗಿರಲಿಲ್ಲ. ಅದನ್ನು ಅವನು ಬೌದ್ಧರಿಂದ ಪಡೆದನೋ ಶೈವಾಗಮಗಳಿಂದ ಪಡೆದನೋ ಎಂಬ ಚರ್ಚೆ ದೊಡ್ಡದು, ಡಿ. ಆರ್. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ (1999) ಓದಿದವರಿಗೆ ಅದರ ಹರಹು ತಿಳಿದಿದೆ. ನಾನು ಅಲ್ಲಿಗೆ ಹೋಗುವುದಿಲ್ಲ. ಪದ ಎಲ್ಲಿಂದ ಬಂತು ಎಂಬುದಕ್ಕಿಂತ ಬಂದ ಮೇಲೆ ಕನ್ನಡದಲ್ಲಿ ಅದಕ್ಕೆ ಏನಾಯಿತು ಎಂಬುದು ನನ್ನಂಥವನ ಕುತೂಹಲ.

ಹರಿಹರನ ‘ಪ್ರಭುದೇವರ ರಗಳೆ’ಗೆ ಕೈಲಾಸದಿಂದ ಇಳಿದು ಬಂದವರೆಂಬ ಪುರಾಣದ ಚೌಕಟ್ಟೇನೋ ಇದೆ. ಆ ಚೌಕಟ್ಟಿನ ಒಳಗೆ ಇರುವ ಚಿತ್ರ ಮಾತ್ರ ಅಪ್ಪಟ ಮನುಷ್ಯರದು. ಅಲ್ಲಮ ಮದ್ದಳೆ ಬಾರಿಸುವ ತರುಣ. ಕಮಲತೆ ನರ್ತಕಿ. ಇಬ್ಬರೂ ಕಂಡರು, ಒಲಿದರು, ಕೂಡಿದರು. ಲೋಕವೆಂಬುದೊಂದು ಹೊರಗೆ ಇದೆಯೆಂಬುದನ್ನೇ ಮರೆತರು. ಆಮೇಲೆ ಕಮಲತೆಗೆ ಜ್ವರ ಬಂತು, ಸತ್ತಳು. ಇಷ್ಟೇ. ಅದಕ್ಕೆ ಕಾರಣ ಹೇಳುವ ಗೊಡವೆಗೆ ಕವಿ ಹೋಗುವುದಿಲ್ಲ. ಅಲ್ಲಮ ಹುಚ್ಚನಂತೆ ಅಲೆದ. ಅವಳ ಹೆಸರನ್ನು ಕೂಗುತ್ತ ಅಲೆದ. ಕೊನೆಗೆ ಊರ ಹೊರಗಿನ ಒಂದು ತೋಪಿನಲ್ಲಿ ತಲೆ ತಗ್ಗಿಸಿ ಕುಳಿತು, ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ, ಕಾಲಿನ ಉಗುರಿನಿಂದ ನೆಲವನ್ನು ಕೆರೆಯುತ್ತಿದ್ದ. ಅಲ್ಲಿ ಮಣ್ಣಿನೊಳಗಿಂದ ಹೊನ್ನಿನ ಕಳಸದ ತುದಿ ಕಂಡಿತು. ಅಗೆಸಿದರೆ ಅದರ ಕೆಳಗೆ ಒಂದು ಗುಡಿ. ಬಾಗಿಲನ್ನು ಒದ್ದು ಒಳಗೆ ಹೋದರೆ, ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು ರೆಪ್ಪೆ ಮಿಡುಕದೆ ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬಂತು. ಬಂದ ಕ್ಷಣದಲ್ಲಿಯೇ ಕೊಟ್ಟವನ ಪ್ರಾಣ ಹೋಯಿತು.

ಎಷ್ಟೋ ಸಲ ಪಾಠ ಹೇಳಿದ್ದೇನೆ. ಆ ಕಾಲುಗುರಿನ ಹತ್ತಿರ ಬಂದಾಗ ಪ್ರತಿಸಲವೂ ನಿಲ್ಲಬೇಕಾಗುತ್ತದೆ. ಕವಿ ಇಲ್ಲಿ ಅಲ್ಲಮನಿಂದ ತಪಸ್ಸು ಮಾಡಿಸಬಹುದಾಗಿತ್ತು, ಒಂದು ಕನಸು ಬೀಳಿಸಬಹುದಾಗಿತ್ತು, ಶಿವನನ್ನೇ ಜಂಗಮ ವೇಷದಲ್ಲಿ ಕಳುಹಿಸಬಹುದಾಗಿತ್ತು. ಇವೆಲ್ಲ ಹರಿಹರನಿಗೆ ಕೈವಾಡ. ಅವನು ಹಾಗೆ ಮಾಡಲಿಲ್ಲ. ಯಾವ ಉದ್ದೇಶವೂ ಇಲ್ಲದ, ದುಃಖಿತನಾದ ಮನುಷ್ಯನು ತನಗೆ ತಿಳಿಯದೆಯೇ ಮಾಡುವ ಒಂದು ಸಣ್ಣ ಚೇಷ್ಟೆಯನ್ನು ಆರಿಸಿಕೊಂಡ. ಸಾವಿನ ಮನೆಯ ಜಗಲಿಯಲ್ಲಿ ಕುಳಿತವರು ಚಾಪೆಯ ಎಳೆ ಕೀಳುತ್ತಿರುವುದನ್ನು ನಾವೆಲ್ಲ ನೋಡಿಲ್ಲವೆ? ಅಂಥ ಬೆರಳಿಗೆ ಕಳಸ ಸಿಕ್ಕಿತು ಎನ್ನುವುದರಲ್ಲಿ ಹರಿಹರನ ಧೈರ್ಯವಿದೆ. ಇಲ್ಲಿ ಶೂನ್ಯವನ್ನು ಯಾರೂ ಅಭ್ಯಾಸ ಮಾಡಿ ತಂದುಕೊಂಡಿಲ್ಲ. ಅದು ಮೇಲೆ ಬಿದ್ದಿದೆ. ಮೊದಲು ತೋಳು ಬರಿದಾಯಿತು. ಮದ್ದಳೆಯ ಕೈ ಬರಿದಾಯಿತು. ಆ ಬರಿಗೈಗೆ ಲಿಂಗ ಬಂತು. ಅದನ್ನು ಕೊಟ್ಟವನನ್ನು ಕಂಡು ಒಂದು ಗಳಿಗೆಯೂ ಆಗಿರಲಿಲ್ಲ, ಅವನೂ ಹೋದ. ಪ್ರೇಯಸಿಯನ್ನು ಕಳೆದುಕೊಂಡವನು ಗುರುವನ್ನು ಪಡೆದದ್ದೂ ಕಳೆದುಕೊಂಡದ್ದೂ ಒಂದೇ ಉಸಿರಿನಲ್ಲಿ. ‘ಬಿಡುವುದು’ ಎಂಬುದು ಇಲ್ಲಿ ಮನುಷ್ಯನ ಇಷ್ಟಕ್ಕೆ ಒಳಪಟ್ಟ ಕ್ರಿಯೆಯೇ ಅಲ್ಲ.

ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು, “ಕಮಲತೆ ಬದುಕಿಕೊಂಡಿದ್ದರೆ ಏನಾಗುತ್ತಿತ್ತು ಸಾರ್?” ಎಂದು ಕೇಳಿದಳು. “ಮದ್ದಳೆ ಬಾರಿಸಿಕೊಂಡಿರುತ್ತಿದ್ದನಮ್ಮ” ಎಂದೆ. ಎಲ್ಲರೂ ನಕ್ಕರು. ಅದು ನಗುವ ಮಾತಲ್ಲವೆಂದು ಆಮೇಲೆ ಆ ಹುಡುಗಿಗೇ ತೋರಿತೆಂದು ಕಾಣುತ್ತದೆ. ಅವಳು ಮಾತ್ರ ನಗದೆ ಕುಳಿತಿದ್ದಳು.

ಇನ್ನು ಚಾಮರಸ. ಪ್ರೌಢದೇವರಾಯನ ಕಾಲದ, ಎಂದರೆ 15ನೆಯ ಶತಮಾನದ ಮೊದಲ ಅರ್ಧದ ಕವಿ. ಅವನ ‘ಪ್ರಭುಲಿಂಗಲೀಲೆ’ ಭಾಮಿನಿ ಷಟ್ಪದಿಯ ಒಳ್ಳೆಯ ಕಾವ್ಯಗಳಲ್ಲೊಂದು. ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಅದರ ಓಟ ಗೊತ್ತು. ಆದರೆ ಕಥೆಯ ಬುಡವನ್ನೇ ಅವನು ಬದಲಾಯಿಸಿದ್ದಾನೆ. ಅವನ ಅಲ್ಲಮನು ನಿರಹಂಕಾರ, ಸುಜ್ಞಾನಿ ಎಂಬ ದಂಪತಿಗಳ ಮಗ. ಎದುರಿಗೆ ಬನವಾಸಿಯ ಮಮಕಾರ ರಾಜನಿಗೂ ಮೋಹಿನಿಗೂ ಹುಟ್ಟಿದ ಮಾಯೆ. ಮಗುವನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೇ ಕಾವ್ಯದ ತೀರ್ಪು ಹೊರಬಿದ್ದುಹೋಯಿತು! ನಿರಹಂಕಾರನ ಮಗನಿಗೆ ಅಹಂಕಾರವನ್ನು ಬಿಡುವ ಕಷ್ಟವೆಲ್ಲಿಯದು? ಮಧುಕೇಶ್ವರನ ಗುಡಿಯಲ್ಲಿ ಮಾಯೆ ಕುಣಿಯುತ್ತಾಳೆ, ಅಲ್ಲಮ ಮದ್ದಳೆ ಬಾರಿಸುತ್ತಾನೆ. ಅವಳು ಬೇಯುತ್ತಾಳೆ, ಇವನು ಬೇಯುವುದಿಲ್ಲ. ಅವಳು ಹಿಡಿಯಹೋದರೆ ಇವನು ಸಿಕ್ಕುವುದಿಲ್ಲ. ಓದುತ್ತ ಹೋದಂತೆ ನನ್ನ ಕನಿಕರವೆಲ್ಲ ಮಾಯೆಯ ಪಾಲಾಗುತ್ತದೆ. ಚಾಮರಸನಿಗೆ ಇದು ಇಷ್ಟವಾಗುತ್ತಿರಲಿಲ್ಲ. ಆದರೆ ಅವನು ಅವಳ ವಿರಹವನ್ನು ಅಷ್ಟು ಚೆನ್ನಾಗಿ ಬರೆದಿರುವಾಗ ತಪ್ಪು ಓದುಗನದೆನ್ನುವಂತಿಲ್ಲ.

ಚಾಮರಸನ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ಅವನ ಎದುರಿಗಿದ್ದುದು ಒಬ್ಬ ಮನುಷ್ಯನ ಚರಿತ್ರೆಯಲ್ಲ, ಪರಶಿವನ ಲೀಲೆ. ಎರಡು ಮೂರು ಶತಮಾನಗಳಲ್ಲಿ ಅಲ್ಲಮನು ಭಕ್ತರ ಕಣ್ಣಿನಲ್ಲಿ ಪ್ರಭುವಾಗಿ, ಸಾಕ್ಷಾತ್ ಶಿವನಾಗಿ ಬೆಳೆದುಬಿಟ್ಟಿದ್ದ. ದೇವರಿಗೆ ಪ್ರೇಯಸಿ ಸತ್ತಳೆಂದು ಹುಚ್ಚು ಹಿಡಿಸುವುದು ಹೇಗೆ? ಇದು ನ್ಯಾಯವಾದ ಇಕ್ಕಟ್ಟು. ಆದರೂ ಕಾವ್ಯಕ್ಕೆ ಆದ ನಷ್ಟ ನಷ್ಟವೇ. ಹಿಡಿದುಕೊಂಡೇ ಇರದವನು ಏನನ್ನು ಬಿಡುತ್ತಾನೆ? ಹಸಿವೇ ಇಲ್ಲದವನ ಉಪವಾಸದಂತೆ ಆಗುತ್ತದೆ ಅದು. ಹುಟ್ಟಿನಿಂದ ಬಂದ ಶೂನ್ಯವನ್ನು ಸಂಪಾದನೆ ಎನ್ನಬಾರದು, ಅದು ಪಿತ್ರಾರ್ಜಿತ.

ಇಷ್ಟು ಹೇಳಿ ಚಾಮರಸನನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಏಕೆಂದರೆ ಶೂನ್ಯವನ್ನು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಮಾಡಿದ ಸನ್ನಿವೇಶವೊಂದನ್ನು ಅವನು ಸೊಗಸಾಗಿ ನಡೆಸಿದ್ದಾನೆ. ಅದು ಗೋರಕ್ಷನ ಪ್ರಸಂಗ. ಗೋರಕ್ಷನು ಕಾಯಸಿದ್ಧಿ ಮಾಡಿಕೊಂಡ ಯೋಗಿ. ದೇಹವನ್ನು ವಜ್ರ ಮಾಡಿಕೊಂಡವನು. ಖಡ್ಗವನ್ನು ಅಲ್ಲಮನ ಕೈಗೆ ಕೊಟ್ಟು, ಹೊಡೆದು ನೋಡು ಎನ್ನುತ್ತಾನೆ. ಹೊಡೆದರೆ ಖಣಿಲೆಂದು ಸದ್ದಾಗುತ್ತದೆ. ಮೈಗೆ ಏನೂ ಆಗುವುದಿಲ್ಲ. ಈಗ ಅಲ್ಲಮನ ಸರದಿ. ಅದೇ ಖಡ್ಗವನ್ನು ಗೋರಕ್ಷನು ಬೀಸುತ್ತಾನೆ. ಖಡ್ಗ ಈ ಕಡೆಯಿಂದ ಹೊಕ್ಕು ಆ ಕಡೆಗೆ ಹೊರಟುಹೋಗುತ್ತದೆ. ಗಾಳಿಯಲ್ಲಿ ಬೀಸಿದ ಹಾಗೆ. ಸದ್ದಿಲ್ಲ. ಇಬ್ಬರಿಗೂ ಗಾಯವಾಗಲಿಲ್ಲ. ಹೊರಗಿನಿಂದ ನೋಡಿದರೆ ಫಲ ಒಂದೇ. ಆದರೆ ಒಬ್ಬನಲ್ಲಿ ಸದ್ದಾಯಿತು, ಇನ್ನೊಬ್ಬನಲ್ಲಿ ಆಗಲಿಲ್ಲ. ಆ ಸದ್ದೇ ಗೋರಕ್ಷನ ಸೋಲು. ಸದ್ದು ಬರಬೇಕಾದರೆ ತಡೆಯುವುದೊಂದು ಇರಬೇಕಷ್ಟೆ? ಗಟ್ಟಿಯಾಗುವುದೇ ಸಾಧನೆಯೆಂದು ತಿಳಿದವನು, ತಾನು ಗಟ್ಟಿಮಾಡಿಕೊಂಡದ್ದು ತನ್ನನ್ನೇ ಎಂಬುದನ್ನು ತನ್ನ ಮೈಯಿಂದ ಹೊರಟ ಸದ್ದಿನಲ್ಲಿ ಕೇಳಿಕೊಂಡ. ವಾದದಿಂದ ಹತ್ತು ಪುಟಗಳಲ್ಲಿ ಆಗದ ಕೆಲಸ ಇದು.

ನಮ್ಮ ಕಾಲದ ‘ಬರಿದುಮಾಡಿಕೊಳ್ಳುವ’ ಅಭ್ಯಾಸಗಳಲ್ಲಿ ಎಷ್ಟೋ ಗೋರಕ್ಷನ ದಾರಿಯವು. ಯಾವ ಮಾತೂ ತಾಗದಂತೆ, ಯಾರ ಸಾವೂ ಅಲುಗಿಸದಂತೆ ಮನಸ್ಸಿಗೆ ಕವಚ ತೊಡಿಸುವುದನ್ನೇ ನಾವು ಶೂನ್ಯವೆಂದು ಕರೆಯುತ್ತಿದ್ದೇವೆ. ಹೊಡೆದರೆ ಖಣಿಲೆನ್ನುತ್ತದೆ.

ಶೂನ್ಯಸಂಪಾದನೆಗೆ ಬಂದಾಗ ಕಾವ್ಯದ ಜಾತಿಯೇ ಬೇರೆಯಾಗುತ್ತದೆ. ಇಲ್ಲಿ ವರ್ಣನೆಯಿಲ್ಲ, ಕಥೆ ಹೆಚ್ಚಿಲ್ಲ. ಒಬ್ಬರ ಹಿಂದೆ ಒಬ್ಬರು ಬಂದು ಅಲ್ಲಮನ ಎದುರಿಗೆ ನಿಲ್ಲುತ್ತಾರೆ. ಅವರವರ ವಚನಗಳನ್ನೇ ಅವರವರ ಬಾಯಲ್ಲಿ ಆಡಿಸಿ, ನಡುವೆ ಒಂದೆರಡು ಗದ್ಯದ ಕೊಂಡಿಗಳನ್ನು ಇಟ್ಟು, ಸಂಕಲನಕಾರನು ಹಿಂದೆ ಸರಿದು ನಿಲ್ಲುತ್ತಾನೆ. ಬೇರೆ ಬೇರೆ ಸಂದರ್ಭಗಳಲ್ಲಿ ಹುಟ್ಟಿದ ವಚನಗಳು ಪ್ರಶ್ನೋತ್ತರಗಳಂತೆ ಹೊಂದಿಕೊಳ್ಳುವ ಆ ಜೋಡಣೆಗೆ ನಾಟಕಕಾರನ ಕಿವಿ ಬೇಕು. ಎಲ್ಲ ಕಡೆಯೂ ಅದು ಫಲಿಸಿದೆ ಎನ್ನಲಾರೆ. ಷಟ್‌ಸ್ಥಲದ ಲೆಕ್ಕಾಚಾರ ಬಂದ ಕಡೆಗಳಲ್ಲಿ ಸಂವಾದ ಸೊರಗಿ ಶಾಸ್ತ್ರಪಾಠವಾಗುತ್ತದೆ. ಅಂಥ ಪುಟಗಳನ್ನು ನಾನು ಬೇಗ ಬೇಗ ಮಗುಚುತ್ತೇನೆ. ಫಲಿಸಿದ ಕಡೆ ಮಾತ್ರ ಅದಕ್ಕೆ ಸಾಟಿಯಾದದ್ದು ನಮ್ಮ ಹಳೆಯ ಸಾಹಿತ್ಯದಲ್ಲಿ ಕಡಿಮೆ.

ಮುಕ್ತಾಯಕ್ಕನ ಪ್ರಸಂಗವನ್ನೇ ನೋಡಿ. ಅಣ್ಣ ಅಜಗಣ್ಣ ತೀರಿಕೊಂಡಿದ್ದಾನೆ. ಅವನು ಅಣ್ಣ ಮಾತ್ರವಲ್ಲ, ಅವಳಿಗೆ ಗುರು. ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಒಳಗೇ ಇಟ್ಟುಕೊಂಡು ಬದುಕಿದವನು. ಅವಳು ಅಳುತ್ತಿರುವಾಗ ಅಲ್ಲಮ ಅಲ್ಲಿಗೆ ಬರುತ್ತಾನೆ. ಅರಿತವನಿಗೆ ಸಾವೆಲ್ಲಿ, ಅರಿತವಳಿಗೆ ಅಳುವೆಲ್ಲಿ ಎಂಬ ಧಾಟಿಯಲ್ಲಿ ಮಾತು ತೆಗೆಯುತ್ತಾನೆ. ನನಗೆ ಮೊದಲಿನಿಂದಲೂ ಇಲ್ಲಿ ಅಲ್ಲಮನ ಮೇಲೆ ಸ್ವಲ್ಪ ಮುನಿಸು. ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡಾಗ ಮಾತನಾಡಿಸಿ ಬರಲು ಹೋಗಿದ್ದೆ. ನೆಂಟರೊಬ್ಬರು ಬಯಲು, ನಿರ್ಬಯಲು ಎಂದೆಲ್ಲ ಹೇಳಿ, “ಅಮ್ಮಾ, ಮನಸ್ಸಿನಿಂದ ಬಿಟ್ಟುಬಿಡಿ” ಎಂದು ಆ ಮನೆಯ ಯಜಮಾನಿಗೆ ಸಮಾಧಾನ ಮಾಡುತ್ತಿದ್ದರು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಬಿಡೋದಕ್ಕೆ ನಾನೆಲ್ಲಿ ಹಿಡಕೊಂಡಿದ್ದೆ ಸ್ವಾಮೀ, ಅವರೇ ತಾನೆ ಬಿಟ್ಟು ಹೋದದ್ದು” ಎಂದರು. ನೆಂಟರ ವೇದಾಂತ ಅಲ್ಲಿಗೆ ನಿಂತಿತು.

ಮುಕ್ತಾಯಕ್ಕನೂ ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ಶೂನ್ಯಸಂಪಾದನೆಯ ಹೆಚ್ಚುಗಾರಿಕೆ ಇಲ್ಲಿದೆ. ಅಣ್ಣನ ಮೌನವನ್ನು ಅಳತೆಗೋಲು ಮಾಡಿಕೊಂಡು ಅವಳು ಅಲ್ಲಮನನ್ನೇ ಅಳೆಯುತ್ತಾಳೆ. ನಿಜವಾಗಿ ಅರಿತವನು ಹೀಗೆ ಊರೂರು ತಿರುಗಿ ಮಾತನಾಡುತ್ತಾನೆಯೆ? ಎಲ್ಲವನ್ನೂ ಬಿಟ್ಟವನು ಮಾತನ್ನೇಕೆ ಬಿಟ್ಟಿಲ್ಲ? ಇದು ಕುಹಕದ ಪ್ರಶ್ನೆಯಲ್ಲ. ಇಡೀ ಗ್ರಂಥದ ಬುಡಕ್ಕೆ ಇಟ್ಟ ಕೊಡಲಿ. ಶೂನ್ಯದ ಮೇಲೆ ನೂರಾರು ವಚನಗಳನ್ನು ಆಡಿದವನನ್ನು ಅವನ ಕುಶಲತೆಯ ಸ್ಥಾನದಲ್ಲಿಯೇ ಹಿಡಿದು ನಿಲ್ಲಿಸಿದ್ದಾಳೆ. ಅಲ್ಲಮನು ಉತ್ತರ ಕೊಡುತ್ತಾನೆ, ಕೊನೆಗೆ ಅವಳು ಒಪ್ಪುತ್ತಾಳೆ. ಗ್ರಂಥದ ನಿಯಮದಂತೆ ಎಲ್ಲರೂ ಒಪ್ಪಲೇಬೇಕು. ಆದರೆ ಆ ಒಪ್ಪಿಗೆಗಿಂತ ಅದಕ್ಕೆ ಮೊದಲಿನ ಹಟ ನನ್ನ ಮನಸ್ಸಿನಲ್ಲಿ ಉಳಿದಿದೆ. ಹರಿಹರನ ಅಲ್ಲಮನನ್ನು ಓದಿಕೊಂಡು ಇಲ್ಲಿಗೆ ಬಂದವರಿಗೆ ಇನ್ನೊಂದು ಎಳೆಯೂ ಕಾಣುತ್ತದೆ: ಅಳುವವಳ ಎದುರಿಗೆ ನಿಂತಿರುವವನು ಒಂದು ಕಾಲಕ್ಕೆ ಕಮಲತೆಗಾಗಿ ಕಾಡಿನಲ್ಲಿ ಕೂಗಿದವನೇ. ಹಾಗೆ ಓದಿದರೆ ಅವನ ಮಾತಿಗೆ ಒಂದು ಅಧಿಕಾರ ಬರುತ್ತದೆ. ಚಾಮರಸನ ಅಲ್ಲಮನಿಗೆ ಆ ಮಾತನ್ನು ಆಡುವ ಹಕ್ಕೇ ಇಲ್ಲ.

ಸೊನ್ನಲಿಗೆಯ ಸಿದ್ಧರಾಮನ ಪ್ರಸಂಗ ಇದಕ್ಕಿಂತ ಗಡುಸು. ಅವನು ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ. ಜನ ದಂಡುದಂಡಾಗಿ ಮಣ್ಣು ಹೊರುತ್ತಿದ್ದಾರೆ. ಅಲ್ಲಮ ಬಂದು, ಮಣ್ಣು ಅಗೆಯುವವನೆಂಬಂತೆ ಅವನನ್ನು ಹಗುರವಾಗಿ ಕರೆದು ಕೆಣಕುತ್ತಾನೆ. ಕೆಲಸದವರು ಕಲ್ಲೆಸೆಯುತ್ತಾರೆ. ಸಿದ್ಧರಾಮ ಸಿಟ್ಟಿನಿಂದ ಉರಿಯುತ್ತಾನೆ; ಅವನ ಹಣೆಗಣ್ಣಿನ ಬೆಂಕಿಯ ಕಥೆ ಎಲ್ಲರೂ ಬಲ್ಲದ್ದೇ. ಮುಂದೆ ನಡೆಯುವ ವಾದದಲ್ಲಿ ಅಲ್ಲಮ ಗೆಲ್ಲುತ್ತಾನೆ. ಆದರೆ ಏನನ್ನು ಗೆದ್ದ? ಕೆರೆಯನ್ನು ಮುಚ್ಚಿಸಿದನೆ? ಇಲ್ಲ. ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿ ಸಿದ್ಧೇಶ್ವರನ ಗುಡಿಯ ಸುತ್ತ ಇದೆ. ನೀರು ಬೇಕಾದ ಸೀಮೆ ಅದು. ಅಲ್ಲಮನ ತಕರಾರು ಕೆರೆಯ ಮೇಲಲ್ಲ, ಕಟ್ಟಿಸಿದೆನೆಂಬುದರ ಮೇಲೆ. ಇದನ್ನು ಎಲ್ಲ ವ್ಯಾಖ್ಯಾನಕಾರರೂ ಹೇಳುತ್ತಾರೆ. ಅವರು ಹೇಳದೆ ಬಿಡುವುದೊಂದಿದೆ: ಸಿದ್ಧರಾಮನಲ್ಲಿ ಆ ಅಭಿಮಾನ ಇತ್ತೆಂಬುದಕ್ಕೆ ಸಾಕ್ಷಿ ಒದಗಿದ್ದು ಕೆರೆಯಿಂದಲ್ಲ, ಬೈಗುಳ ತಾಗಿದಾಗ ಎದ್ದ ಬೆಂಕಿಯಿಂದ. ಗೋರಕ್ಷನ ಮೈಯ ಸದ್ದೂ ಇದೂ ಒಂದೇ ಬಗೆಯ ಸಾಕ್ಷಿ.

ಇಲ್ಲಿ ಬಯಲು ಎಂಬ ಪದದ ಬಗ್ಗೆ ಒಂದು ಮಾತು. ಶೂನ್ಯ ಸಂಸ್ಕೃತದಿಂದ ಬಂದದ್ದು. ಅದಕ್ಕೆ ಶಾಸ್ತ್ರದ ಬಿಗಿ ಇದೆ. ಬಯಲು ನಮ್ಮದು. ಬಯಲುಸೀಮೆ, ಬಟ್ಟಬಯಲು, ಬಯಲಾಟ ಎಂದು ನಾವು ಕಣ್ಣಾರೆ ಕಂಡು ಕಾಲಾರೆ ತುಳಿದ ಪದ. ಈ ಪದಕ್ಕೆ ಶೂನ್ಯಕ್ಕಿಲ್ಲದ ಒಂದು ಶಕ್ತಿಯಿದೆ. ‘ಬಯಲಾಗುವುದು’ ಎಂದರೆ ಇಲ್ಲವಾಗುವುದು. ಗುಟ್ಟು ‘ಬಯಲಾಯಿತು’ ಎಂದರೆ ಮುಚ್ಚಿಟ್ಟದ್ದು ಹೊರಬಿತ್ತು ಎಂದು. ಒಂದೇ ಕ್ರಿಯಾಪದಕ್ಕೆ ಈ ಎರಡೂ ಅರ್ಥ. ಶೂನ್ಯಸಂಪಾದನೆಯ ಒಳ್ಳೆಯ ಪ್ರಸಂಗಗಳೆಲ್ಲ ಈ ಎರಡು ಅರ್ಥಗಳ ನಡುವೆ ನಡೆಯುತ್ತವೆ ಎಂದು ನನಗೆ ತೋರುತ್ತದೆ. ಒಬ್ಬೊಬ್ಬರೂ ಮೊದಲು ಎರಡನೆಯ ಅರ್ಥದಲ್ಲಿ ಬಯಲಾಗುತ್ತಾರೆ. ಸಿದ್ಧರಾಮನ ಕೋಪ ಬಯಲಾಗುತ್ತದೆ. ಗೋರಕ್ಷನ ಗಟ್ಟಿತನ ಬಯಲಾಗುತ್ತದೆ. ಉಟ್ಟದ್ದನ್ನೂ ಬಿಸುಟು ಬಂದ ಮಹಾದೇವಿಯಕ್ಕನನ್ನು ಸಹ ಅಲ್ಲಮ ಹಾಗೆಯೇ ಒಳಗೆ ಬಿಡುವುದಿಲ್ಲ. ಸೀರೆಯನ್ನು ಬಿಟ್ಟವಳು ಕೂದಲಿನಿಂದ ಏಕೆ ಮರೆಮಾಡಿಕೊಂಡಿದ್ದೀಯೆ ಎಂದು ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಕ್ರೂರವಾದ ಪ್ರಶ್ನೆ. ತನಗಾಗಿ ಅಲ್ಲ, ನೋಡುವ ನಿಮಗೆ ನೋವಾದೀತೆಂದು ಎಂಬ ಅರ್ಥದ ಉತ್ತರ ಬಂದಾಗ ಬಯಲಾದದ್ದು ಯಾರ ಗುಟ್ಟು ಎಂಬುದೇ ಸಂದೇಹ. ಇಡೀ ಗ್ರಂಥದಲ್ಲಿ ಅಲ್ಲಮನಿಗೆ ಸಮಸಮನಾಗಿ ನಿಂತವರು ಯಾರೆಂದರೆ ನಾನು ಅಕ್ಕನನ್ನೂ ಮುಕ್ತಾಯಕ್ಕನನ್ನೂ ಹೆಸರಿಸುತ್ತೇನೆ; ಇಬ್ಬರೂ ಹೆಂಗಸರೆಂಬುದು ಆಕಸ್ಮಿಕವಿರಲಾರದು.

ಮೂರನೆಯವಳೊಬ್ಬಳಿದ್ದಾಳೆ, ಅವಳು ಸಭೆಗೇ ಬಂದವಳಲ್ಲ. ಆಯ್ದಕ್ಕಿ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುವವನು. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿ ಸಿಕ್ಕಿತು, ತಂದ. ಹೆಂಡತಿ ಲಕ್ಕಮ್ಮ ನೋಡಿದ ಕೂಡಲೆ ಇದು ನಮ್ಮ ಎಂದಿನ ಅಳತೆಯಲ್ಲವೆಂದು ಕಂಡುಕೊಂಡು, ಹೆಚ್ಚಿನದನ್ನು ತಂದಲ್ಲಿಗೇ ಒಯ್ದು ಹಾಕುವಂತೆ ಗಂಡನನ್ನು ಹಿಂದಕ್ಕೆ ಕಳಿಸಿದಳು. ಬೇಡವೆಂದು ಉಪವಾಸ ಮಾಡಲಿಲ್ಲ. ಎಲ್ಲವನ್ನೂ ದಾನ ಮಾಡಿ ಹೆಸರು ಪಡೆಯಲಿಲ್ಲ. ಇಂದಿಗೆ ಬೇಕಾದದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಿರುಗಿಸಿದಳು. ಖಡ್ಗ ಮೈಯ ನಡುವೆ ಹಾದುಹೋಗುವುದನ್ನು ನಂಬದ ನನ್ನ ವಿದ್ಯಾರ್ಥಿಗಳು ಈ ಅಕ್ಕಿಯ ಲೆಕ್ಕವನ್ನು ಒಪ್ಪುತ್ತಾರೆ. ಒಪ್ಪುತ್ತಾರೆ, ಆದರೆ ಯಾರೂ ಪ್ರಯತ್ನಿಸುವುದಿಲ್ಲ ಎಂಬುದು ಬೇರೆ ವಿಷಯ; ಮೇಷ್ಟರೂ ಆ ಗುಂಪಿನವರೇ.

ಕಲ್ಯಾಣದಲ್ಲಿ ಬಸವಣ್ಣ ಕಟ್ಟಿಸಿದ ಶೂನ್ಯಸಿಂಹಾಸನದ ವಿಷಯ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಶೂನ್ಯಕ್ಕೊಂದು ಸಿಂಹಾಸನ! ಅದನ್ನು ಏರಿದ ಅಲ್ಲಮ ಮಾಡಿದ್ದೇನು? ಜಂಗಮರೆಲ್ಲರಿಗಾಗಿ ಸಿದ್ಧವಾಗಿದ್ದ ಅಡುಗೆಯನ್ನು ತಾನೊಬ್ಬನೇ ಉಂಡುಬಿಟ್ಟ. ಪಂಕ್ತಿಗೆ ಕಾದಿದ್ದವರು ಕೆರಳಿದರು. ಈ ಆರೋಗಣೆಗೆ ಗಂಭೀರವಾದ ತಾತ್ತ್ವಿಕ ವಿವರಣೆಗಳಿವೆ, ಇರಲಿ. ಆದರೆ ಸಂಕಲನಕಾರನಿಗೆ ಹಾಸ್ಯಪ್ರಜ್ಞೆ ಇತ್ತೆಂಬುದನ್ನು ಯಾಕೆ ಮರೆಯಬೇಕು? ಬರಿದಾದವನನ್ನು ಪೀಠದ ಮೇಲೆ ಕೂರಿಸಿದ ಕೂಡಲೆ ಮನೆಯ ಅಡುಗೆಮನೆ ಬರಿದಾಯಿತು. ಪೀಠಗಳ ಚರಿತ್ರೆಯನ್ನು ಬಲ್ಲ ಓದುಗರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಕೊನೆಗೆ ಗ್ರಂಥದ ಇತಿಹಾಸಕ್ಕೆ ಸಂಬಂಧಿಸಿದ ಒಂದು ಸಂಗತಿ. ಶೂನ್ಯಸಂಪಾದನೆ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ತಿದ್ದಿ, ಬೆಳೆಸಿ, ತಮ್ಮ ತಮ್ಮ ಪಾಠಗಳನ್ನು ಸಿದ್ಧಪಡಿಸಿದರು. ಮಹಾದೇವಯ್ಯನ ಗ್ರಂಥದಲ್ಲಿ ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಗುವುದಿಲ್ಲ. ಅಲ್ಲಮನ ಮಾತಿನಿಂದಲೇ ಅವನಿಗೆ ತಿಳಿವು ಬರುತ್ತದೆ. ಹಲಗೆಯಾರ್ಯನಿಗೆ ಇದು ಸರಿಬೀಳಲಿಲ್ಲ. ದೀಕ್ಷೆಯಿಲ್ಲದೆ ಹೇಗೆ? ಚೆನ್ನಬಸವಣ್ಣನಿಂದ ದೀಕ್ಷೆ ಆಯಿತೆಂದು ತಿದ್ದಿದ. ಮುಂದಿನವರು ಆ ತಿದ್ದುಪಡಿಯನ್ನು ಉಳಿಸಿಕೊಂಡರು. ಕನ್ನಡದಲ್ಲಿ ಪುಸ್ತಕವನ್ನು ಪರಿಷ್ಕರಿಸುವುದಕ್ಕೂ ಸಂಪಾದನೆ ಎಂದೇ ಹೆಸರು. ಶೂನ್ಯವನ್ನು ಸಂಪಾದಿಸಲು ಕುಳಿತವರು ಒಂದು ವಿಧಿಯ ಪ್ರಶ್ನೆಯನ್ನು ಬಿಡಲಾರದೆ ಅದಕ್ಕಾಗಿ ಗ್ರಂಥವನ್ನೇ ಮತ್ತೆ ಸಂಪಾದಿಸಿದರು. ಹಲಗೆಯಾರ್ಯನನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವನ ಕಾಲಕ್ಕೆ ಅದು ಸಮಾಜವನ್ನು ಒಟ್ಟಿಗೆ ಹಿಡಿದಿಡುವ ಪ್ರಶ್ನೆ. ಆದರೆ ಹರಿಹರನ ಅಲ್ಲಮನಿಂದ ನಾವು ಎಷ್ಟು ದೂರ ಬಂದೆವೆಂಬುದನ್ನು ಈ ಒಂದು ತಿದ್ದುಪಡಿ ತೋರಿಸುತ್ತದೆ.

ಓದಬೇಕೆನ್ನುವವರಿಗೆ ಪುಸ್ತಕಗಳ ಬಡತನವಿಲ್ಲ. ಗೂಳೂರ ಸಿದ್ಧವೀರಣ್ಣೊಡೆಯರ ಪಾಠವನ್ನು ಫ. ಗು. ಹಳಕಟ್ಟಿಯವರು ಮೊದಲು ಬೆಳಕಿಗೆ ತಂದರು; ಸಂ. ಶಿ. ಭೂಸನೂರಮಠರ ವಿಸ್ತಾರವಾದ ಆವೃತ್ತಿ 1958ರಲ್ಲಿ ಬಂತು. ಇಂಗ್ಲಿಷಿನಲ್ಲಿ ಓದುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ತಂದ ಐದು ಸಂಪುಟಗಳಿವೆ. ಮೊದಲನೆಯದಾದ ಮಹಾದೇವಯ್ಯನ ಪಾಠವನ್ನು ಆರ್. ಸಿ. ಹಿರೇಮಠರು ಸಂಪಾದಿಸಿದ್ದಾರೆ. ನನ್ನನ್ನು ಕೇಳಿದರೆ ಮೊದಲು ಹರಿಹರನ ಚಿಕ್ಕ ರಗಳೆಯನ್ನು ಒಂದು ಸಂಜೆ ಕುಳಿತು ಓದಿ, ಆಮೇಲೆ ಮಹಾದೇವಯ್ಯನ ಮುಕ್ತಾಯಕ್ಕನ ಪ್ರಸಂಗಕ್ಕೆ ನೇರವಾಗಿ ಹೋಗುವುದು ಒಳ್ಳೆಯದು. ಶೂನ್ಯಸಂಪಾದನೆಯನ್ನು ಮೊದಲ ಪುಟದಿಂದ ಹಿಡಿದವರು ಸೃಷ್ಟಿಕ್ರಮದ ವಿವರಗಳಲ್ಲಿ ಸಿಕ್ಕಿಕೊಂಡು ಪುಸ್ತಕ ಮುಚ್ಚಿಟ್ಟದ್ದನ್ನು ನೋಡಿದ್ದೇನೆ.